ರೋಮ್‌ಗೆ ಹೊರಟಿದ್ದೀವಿ: ಈ ಮುರಿದ ಕಂಬಗಳಲ್ಲಿ ನೋಡೋದು ಏನಿದೆ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ರೋಮ್‌ಗೆ ಹೊರಟಿದ್ದೀವಿ. ನಾನು, ನಮ್ಮೆಜಮಾನ್ರು, ಏಳನೇ ಕ್ಲಾಸಿನ ಮಗಳು, ಜೊತೆಗೆ ನಮ್ಮತ್ತೆ. ಅತ್ತೆಗೆ ಬೇಲೂರು, ಹಳೇಬೀಡು ಅಂದ್ರೆ ಪ್ರಾಣ. ಒಂದೊಂದು ಮದನಿಕೆ ಮುಂದೆ ಕತ್ತೆತ್ತಿ ನಿಂತ್ರೆ ಅಲ್ಲಿಂದ ಹೊರಡಿಸೋದೇ ಕಷ್ಟ. ರೋಮಲ್ಲೂ ಹಳೇ ದೇವಸ್ಥಾನಗಳಿವೆ ಅಂದಾಗಿಂದ ಶುರು ಹಚ್ಕೊಂಡಿದ್ದಾರೆ: ಯಾವ ದೇವರು, ಒಳಗೆ ಬಿಡ್ತಾರಾ, ಚಪ್ಪಲಿ ಎಲ್ಲಿ ಬಿಡೋದು, ಮೂರ್ತಿ ಈಗ ಎಲ್ಲಿದೆ.

ವಿಡಿಯೋಗಳಲ್ಲಿ ನನಗೆ ಕಾಣೋದು ಒಂದು ಕಡೆ ಮೂರು ಕಂಬ, ಇನ್ನೊಂದು ಕಡೆ ಎಂಟು ಕಂಬ, ಉಳಿದದ್ದು ಕಲ್ಲಿನ ರಾಶಿ. ರೋಮನ್ ಫೋರಮ್‌ಗೆ, ಅಂದ್ರೆ ಹಳೇ ರೋಮಿನ ನಡುವಿದ್ದ ಸಾರ್ವಜನಿಕ ಚೌಕಕ್ಕೆ, ಅರ್ಧ ದಿನ ಕೊಡೋದು ದಂಡ, ಕೊಲೋಸಿಯಮ್ ನೋಡಿ ಐಸ್‌ಕ್ರೀಮ್ ತಿಂದು ಬರೋಣ ಅಂತ ಯಜಮಾನ್ರು. ನೋಡಿದವರು ಹೇಳಿ, ಅಲ್ಲಿ ನಿಂತು ಏನನ್ನ ನೋಡ್ಬೇಕು? ಗೈಡ್ ಹೇಳೋ ಇಸವಿಗಳ ಪಟ್ಟಿ ಬೇಡ, ಅದು ಮಗಳ ಕಿವಿಗೇ ಹೋಗಲ್ಲ.

ಮದ್ದೂರು_ಟು_ಮಿಲಾನ್

ಅಕ್ಕ, ಚಪ್ಪಲಿ ಬಿಡೋ ಪ್ರಶ್ನೆನೇ ಇಲ್ಲ. ಗ್ರಿಪ್ ಇರೋ ಶೂ ಕೊಡಿಸಿ ಅತ್ತೆಗೆ. ಫೋರಮ್ ಮಧ್ಯೆ ಹಾದುಹೋಗೋ ವಿಯಾ ಸಾಕ್ರಾ ದಾರಿಗೆ ಹಾಸಿರೋದು ಕಪ್ಪು ಬಸಾಲ್ಟ್ ಚಪ್ಪಡಿ. ಸವೆದು ಉಬ್ಬುತಗ್ಗಾಗಿದೆ, ಮಳೆ ಬಂತೋ ಜಾರುತ್ತೆ. ಮಂಡಿ ನೋವಿದ್ರೆ ನಿಧಾನ.

ಕೊಲೋಸಿಯಮ್, ಫೋರಮ್, ಪಾಲಟೈನ್ ಗುಡ್ಡ ಮೂರಕ್ಕೂ ಸೇರಿ ಒಂದೇ ಟಿಕೆಟ್. ನಾನು ತಗೊಂಡಾಗ 18 ಯೂರೋ ಇತ್ತು. 18 ವರ್ಷದ ಒಳಗಿನವರಿಗೆ ಫ್ರೀ, ಯಾವ ದೇಶದವರಾದ್ರೂ ಸರಿ, ಮಗಳ ಪಾಸ್‌ಪೋರ್ಟ್ ಕೈಯಲ್ಲಿರಲಿ. ನೀರಿನ ಬಾಟಲಿ ಕೊಳ್ಳೋದಕ್ಕೆ ದುಡ್ಡು ಹಾಳು ಮಾಡ್ಬೇಡಿ. ಊರ ತುಂಬ ನಾಸೋನೆ ಅಂತ ಎರಕದ ಕಬ್ಬಿಣದ ನಲ್ಲಿಗಳಿವೆ, ಹಗಲು ರಾತ್ರಿ ತಣ್ಣಗಿನ ಕುಡಿಯೋ ನೀರು ಹರೀತಾನೇ ಇರುತ್ತೆ.

ಯಜಮಾನ್ರನ್ನ ಒಪ್ಪಿಸೋಕೆ ಒಂದು ಉಪಾಯ: ಟಿಕೆಟ್ ತಗೊಳ್ಳೋ ಮುಂಚೆ ಕಾಂಪಿದೋಲಿಯೋ ಗುಡ್ಡ ಹತ್ತಿಸಿ. ನಗರಸಭೆ ಕಟ್ಟಡದ ಪಕ್ಕದಿಂದ ಹಿಂದಕ್ಕೆ ಹೋದ್ರೆ ಇಡೀ ಫೋರಮ್ ಕೆಳಗೆ ಕಾಣುತ್ತೆ, ಕಾಸು ಖರ್ಚಿಲ್ಲ. ಸಂಜೆ ಬಿಸಿಲಿಗೆ ಹೋಗಿ. ಅದನ್ನ ನೋಡಿದ ಮೇಲೂ ಒಳಗೆ ಇಳಿಯಲ್ಲ ಅಂದ್ರೆ ಅವರಿಗೆ ಐಸ್‌ಕ್ರೀಮೇ ಸರಿ.

ಕಲ್ಲು_ಮಾತಾಡ್ಸೋನು

ಅತ್ತೆಯವರ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. ಅವರು ಕೇಳಿರೋದೇ ಸರಿಯಾದ ಪ್ರಶ್ನೆ.

ರೋಮನ್ ದೇವಸ್ಥಾನದೊಳಗೆ ಭಕ್ತರು ಸಾಲು ನಿಂತು ದರ್ಶನ ಪಡೀತಿರಲಿಲ್ಲ. ಒಳಕೋಣೆ ಇದ್ದದ್ದು ಮೂರ್ತಿಗೆ, ಹರಕೆ ಒಪ್ಪಿಸಿದ ವಸ್ತುಗಳಿಗೆ, ಯುದ್ಧದಲ್ಲಿ ಗೆದ್ದು ತಂದ ಮಾಲಿಗೆ. ಪೂಜೆಯ ಮುಖ್ಯ ಕೆಲಸವೆಲ್ಲ ಹೊರಗೆ, ಮೆಟ್ಟಿಲ ಬುಡದಲ್ಲೋ ಮೆಟ್ಟಿಲ ನಡುವೆಯೋ ಇರೋ ಬಲಿಪೀಠದ ಮುಂದೆ, ಬಯಲಲ್ಲಿ, ಎಲ್ಲರ ಕಣ್ಣೆದುರಿಗೆ. ಎತ್ತು, ಹಂದಿ, ಕುರಿ ಬಲಿ ಕೊಡ್ತಿದ್ರು. ಇದನ್ನ ಅತ್ತೆಗೆ ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು.

ಇದು ಗೊತ್ತಿದ್ರೆ ಕಟ್ಟಡದ ಆಕಾರ ತಾನಾಗೇ ಅರ್ಥವಾಗುತ್ತೆ. ಎತ್ತರದ ಜಗತಿ (ಗುಡಿ ನಿಂತಿರೋ ಕಟ್ಟೆ), ಮೆಟ್ಟಿಲು ಮುಂದೆ ಮಾತ್ರ, ಮೆಟ್ಟಿಲು ಹತ್ತಿದ್ರೆ ಆಳವಾದ ಕಂಬಸಾಲು, ಅದರ ಹಿಂದೆ ಕೋಣೆ. ಬೇಲೂರಲ್ಲಿ ಜಗತಿ ಮೇಲೆ ಗುಡಿ ಸುತ್ತ ಪ್ರದಕ್ಷಿಣೆ ಬರ್ತೀವಲ್ಲ, ಇಲ್ಲಿ ಬಹುಪಾಲು ಗುಡಿಗಳಲ್ಲಿ ಗೋಡೆಯೋ ಕಂಬವೋ ಜಗತಿಯ ಅಂಚಿಗೇ ಬಂದು ನಿಂತಿರುತ್ತೆ. ಸುತ್ತು ಬರೋಕಲ್ಲ, ಎದುರು ನಿಂತು ನೋಡೋಕೆ ಕಟ್ಟಿದ್ದು. ಜಗತಿಯ ಮುಂಭಾಗದಿಂದ ಭಾಷಣ ಬಿಗಿಯೋದೂ ನಡೀತಿತ್ತು. ಹಾಗಾಗಿ ಯಾವ ಗುಡಿ ಎದುರಾದ್ರೂ ಮೊದಲು ಮೆಟ್ಟಿಲು ಎಲ್ಲಿ, ಬಲಿಪೀಠ ಎಲ್ಲಿ ಅಂತ ಮಗಳಿಗೆ ಹುಡುಕೋಕೆ ಬಿಡಿ.

ಇನ್ನು ಮುರಿದ ಕಂಬಗಳಲ್ಲಿ ಏನು ನೋಡೋದು ಅಂದ್ರಲ್ಲ. ನನ್ನ ಅಭಿಪ್ರಾಯ ಇಷ್ಟು: ಕಟ್ಟಿದಾಗ ಹೇಗಿತ್ತು ಅಂತ ಊಹಿಸ್ಕೊಂಡು ಸುಸ್ತಾಗೋದಕ್ಕಿಂತ, ಕಟ್ಟಿದ ಮೇಲಿನ ಸಾವಿರಾರು ವರ್ಷದಲ್ಲಿ ಆ ಕಲ್ಲಿಗೆ ಏನೇನಾಯ್ತು ಅಂತ ನೋಡಿ. ಅದು ಕಣ್ಣಿಗೆ ಕಾಣುತ್ತೆ, ಊಹೆ ಬೇಕಿಲ್ಲ.

ಫೋರಿ ಇಂಪೀರಿಯಾಲಿ ರಸ್ತೆ ಕಡೆಯ ಗೇಟಿಂದ ಇಳಿದ ಕೂಡಲೇ ಆಂಟೊನೈನಸ್ ಮತ್ತು ಫೌಸ್ಟಿನಾ ದೇವಸ್ಥಾನ ಸಿಗುತ್ತೆ. ಚಕ್ರವರ್ತಿ ಆಂಟೊನೈನಸ್ ಪಯಸ್ ತೀರಿಹೋದ ಹೆಂಡತಿಗಾಗಿ 141ರಲ್ಲಿ ಶುರು ಮಾಡಿಸಿದ್ದು. 161ರಲ್ಲಿ ಅವನೂ ಸತ್ತ ಮೇಲೆ ಅವನ ಹೆಸರನ್ನೂ ಸೇರಿಸಿದ್ರು. ಮುಂಭಾಗದ ಶಾಸನ ನೋಡಿ: ಕೆಳಗಿನ ಸಾಲು ಹೆಂಡತಿಯ ಹೆಸರು, ಮೇಲೆ ಆಮೇಲೆ ಕೆತ್ತಿದ ಗಂಡನ ಹೆಸರು. ಹತ್ತು ಕಂಬ, ಒಂದೊಂದೂ 17 ಮೀಟರ್, ಈರುಳ್ಳಿ ಪದರದ ಹಾಗೆ ಗೆರೆ ಇರೋ ಹಸಿರು ಛಾಯೆಯ ಗ್ರೀಸಿನ ಅಮೃತಶಿಲೆ.

ಈಗ ಕಂಬಗಳ ನಡುವೆ ಒಳಗೆ ನೋಡಿ. ಅಲ್ಲೊಂದು ಚರ್ಚ್ ಇದೆ, ಅದರ ಬಾಗಿಲು ಮೆಟ್ಟಿಲಿನಿಂದ ಎಟುಕದಷ್ಟು ಮೇಲೆ, ಗೋಡೆಯಲ್ಲಿ ತೂಗಾಡ್ತಿದೆ! ಆ ಬಾಗಿಲಿಟ್ಟಾಗ ಅದು ನೆಲದ ಮಟ್ಟದಲ್ಲೇ ಇತ್ತು. ಮಣ್ಣು, ಕಸ, ಬಿದ್ದ ಕಟ್ಟಡಗಳು ಸೇರಿ ಫೋರಮ್ ಅಷ್ಟು ಮೇಲಕ್ಕೆ ತುಂಬಿಹೋಗಿತ್ತು. ಜನ ಇದನ್ನ ದನದ ಬಯಲು ಅಂತಲೇ ಕರೀತಿದ್ರು. ಆಮೇಲೆ ಅಗೆದು ಕೆಳಗಿಳಿಸಿದ್ರು, ಬಾಗಿಲು ಮೇಲೇ ಉಳೀತು. ಮಗಳಿಗೆ ಇದೊಂದನ್ನ ತೋರಿಸಿ, ಉಳಿದದ್ದು ಅವಳೇ ಕೇಳ್ತಾಳೆ.

ಅದೇ ಕಂಬಗಳ ಮೇಲ್ತುದಿಯಲ್ಲಿ ಓರೆಯಾಗಿ ಆಳದ ಗೀರು ಬಿದ್ದಿದೆ. ಹಗ್ಗ ಬಿಗಿದು ಉರುಳಿಸೋಕೆ ನೋಡಿದ ಗುರುತು ಅನ್ನೋದು ಎಲ್ಲ ಗೈಡ್‌ಗಳ ಮಾತು. ಕಂಬಕ್ಕೆ ಒರಗಿಸಿ ಛಾವಣಿ ಹಾಕಿದ್ದ ಗುರುತು ಅನ್ನೋರೂ ಇದ್ದಾರೆ. ಪಕ್ಕದ ಗೋಡೆಯ ಮೇಲಂಚಿಗೆ ಗ್ರಿಫಿನ್‌ಗಳ ಸಾಲು ಕೆತ್ತಿದ್ದಾರೆ, ರೆಕ್ಕೆ ಇರೋ ಸಿಂಹದಂಥ ಪ್ರಾಣಿ. ಅತ್ತೆಯವರಿಗೆ ಕತ್ತೆತ್ತಿ ನಿಲ್ಲೋಕೆ ಅದು ಸಾಕು.

ಹೊಸಪೇಟೆ_ಹುಡುಗ

ಎಲ್ಲ ಸರಿ ಸಾರ್, ಆದ್ರೆ ಒಂದು ಮಾತು ನೇರವಾಗಿ ಹೇಳ್ತೀನಿ. ಹಂಪಿ ನೋಡಿದ ಕಣ್ಣಿಗೆ ಫೋರಮ್ ಸಪ್ಪೆ. ನಮ್ಮಲ್ಲಿ ನಲವತ್ತು ರೂಪಾಯಿ ಕೊಟ್ರೆ ವಿಜಯ ವಿಠ್ಠಲ ನೋಡಬಹುದು, ಕಂಬ ಕಂಬದಲ್ಲೂ ಕೆತ್ತನೆ. ಅಲ್ಲಿ ಅದರ ನಲವತ್ತು ಪಟ್ಟು ದುಡ್ಡು ಕೊಟ್ಟು ಇಟ್ಟಿಗೆ ಗುಡ್ಡೆ ನೋಡಿ ಬಂದೆ. ಎಲ್ಲಿ ನೋಡಿದ್ರೂ ಇಟ್ಟಿಗೆ! ಅಮೃತಶಿಲೆಯ ರೋಮ್ ಅಂತ ಪಾಠದಲ್ಲಿ ಓದಿದ್ದು ಸುಳ್ಳಾ?

ಕಲ್ಲು_ಮಾತಾಡ್ಸೋನು

ಸುಳ್ಳಲ್ಲ ತಮ್ಮ, ಸುಟ್ಟುಬಿಟ್ಟಿದ್ದಾರೆ. ಅಕ್ಷರಶಃ. ಮಧ್ಯಯುಗದಲ್ಲಿ ಫೋರಮ್ ಒಳಗೇ ಸುಣ್ಣದ ಗೂಡುಗಳಿದ್ವು. ಅಮೃತಶಿಲೆ ಅಂದ್ರೆ ಸುಣ್ಣದ ಕಲ್ಲೇ ತಾನೆ. ಗೋಡೆಗೆ ಹೊದಿಸಿದ್ದ ಹಲಗೆಗಳು, ಒಡೆದ ಮೂರ್ತಿಗಳು, ಕಂಬದ ತುಂಡುಗಳು ಎಲ್ಲ ಗೂಡಿಗೆ ಹೋಗಿ, ಹೊಸ ಮನೆಗಳ ಗಾರೆಯಾಗಿ ಬಂದ್ವು. ನೀವು ನೋಡಿದ ಇಟ್ಟಿಗೆ ಒಳಗಿನ ಗೋಡೆ, ಹೊರಗೆ ಕಾಣ್ಲಿ ಅಂತ ಕಟ್ಟಿದ್ದಲ್ಲ.

ಇನ್ನೊಂದು: ಎಷ್ಟೋ ಕಲ್ಲುಗಳಲ್ಲಿ, ಎರಡು ಕಲ್ಲು ಸೇರೋ ಕಡೆ, ಮುಷ್ಟಿ ಗಾತ್ರದ ತೂತು ಕಾಣುತ್ತೆ. ಗುಂಡು ಹೊಡೆದ ಗುರುತು ಅಂತ ನನ್ನ ಪಕ್ಕದವರೊಬ್ಬರು ಮಕ್ಕಳಿಗೆ ಹೇಳ್ತಿದ್ರು. ಕಲ್ಲಿಗೆ ಕಲ್ಲು ಬಿಗಿಯೋಕೆ ಒಳಗೆ ಕಬ್ಬಿಣದ ಹಿಡಿ ಇಟ್ಟು ಸೀಸ ಹುಯ್ತಿದ್ರು. ಲೋಹಕ್ಕೆ ಬರ ಬಂದ ಕಾಲದಲ್ಲಿ ಜನ ಕೊರೆದು ಅದನ್ನ ಕಿತ್ಕೊಂಡ್ರು. ಕೊಲೋಸಿಯಮ್ ಮೈತುಂಬ ಇರೋ ತೂತೂ ಇದೇ.

ಕೆತ್ತನೆ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಹೊಯ್ಸಳ, ವಿಜಯನಗರದ ಕೆಲಸ ಹುಡುಕ್ಕೊಂಡು ಅಲ್ಲಿಗೆ ಹೋದ್ರೆ ನಿರಾಸೆಯೇ.

ಶಿವಗಂಗೆ_ಶಿಖರ

ದೇವಸ್ಥಾನಗಳನ್ನೆಲ್ಲ ಕ್ರೈಸ್ತರು ಒಡೆದು ಹಾಕಿದ್ರು ಅಂತ ಯಾಕೆ ಯಾರೂ ನೇರವಾಗಿ ಹೇಳ್ತಿಲ್ಲ? ಸುಣ್ಣ, ಕಬ್ಬಿಣ ಅಂತ ಸುತ್ತಿ ಬಳಸಿ ಮಾತು ಯಾಕೆ?

ನಿರ್ವಾಹಕ

ಚರ್ಚೆ ಆಗ್ಲಿ, ಜಗಳ ಬೇಡ. ಇಲ್ಲಿಯ ರಾಜಕೀಯ ಅಲ್ಲಿಗೆ ಒಯ್ಯೋದು ಬೇಡ. ಇತಿಹಾಸ ಗೊತ್ತಿದ್ದೋರು ಬರೀರಿ.

ಲ್ಯಾಟಿನ್_ಲಾವಣಿ

ಅರ್ಧ ನಿಜ ಶಿವಗಂಗೆಯವರೆ, ಉಳಿದರ್ಧ ಇನ್ನೂ ಸ್ವಾರಸ್ಯವಾಗಿದೆ.

391ರಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಬಲಿ ಕೊಡೋದನ್ನ, ದೇವಸ್ಥಾನಕ್ಕೆ ಹೋಗೋದನ್ನ ಕಾನೂನಿನಿಂದ ನಿಲ್ಲಿಸಿದ. ಒಲೆಯ ದೇವತೆ ವೆಸ್ಟಾಳ ದುಂಡು ಗುಡಿಯ ಬೆಂಕಿ ಆರಿದ್ದೂ ಆ ಕಾಲದಲ್ಲೇ. ಆ ಬೆಂಕಿ ಕಾಯೋಕೆ ಆರು ಜನ ಕನ್ಯೆಯರು, ಒಬ್ಬೊಬ್ಬರಿಗೂ 30 ವರ್ಷದ ಸೇವೆ. ಸಾಮ್ರಾಜ್ಯದ ಪೂರ್ವ ಭಾಗದಲ್ಲಿ ಗುಂಪು ಕಟ್ಕೊಂಡು ಗುಡಿ ಒಡೆದದ್ದೂ ಉಂಟು.

ಆದ್ರೆ ರೋಮ್ ಊರೊಳಗಿನ ಕಥೆ ನಿಧಾನದ್ದು. ಗುಡಿಗಳು ಬೀಗ ಹಾಕಿಸ್ಕೊಂಡು ಖಾಲಿ ನಿಂತ್ವು. ಜನ ಕಲ್ಲು ಕಿತ್ಕೊಂಡು ಹೋಗೋದು ಎಷ್ಟು ಜೋರಾಯ್ತು ಅಂದ್ರೆ, 458ರಲ್ಲಿ ಚಕ್ರವರ್ತಿ ಮಜೋರಿಯನ್ ಹಳೇ ಕಟ್ಟಡ ಒಡೆಯೋದನ್ನ ತಡೆಯೋಕೆ ಕಾನೂನೇ ತರಬೇಕಾಯ್ತು. ಅವನೂ ಕ್ರೈಸ್ತನೇ. ಚರ್ಚ್ ಆಗಿ ಬದಲಾದ ಗುಡಿಗಳೇ ಹೆಚ್ಚು ಚೆನ್ನಾಗಿ ಉಳಿದಿರೋದು. ದೊಡ್ಡ ಗುಮ್ಮಟದ ಗುಡಿ ಪ್ಯಾಂಥಿಯನ್ 609ರಲ್ಲಿ ಚರ್ಚ್ ಆಯ್ತು, ಅದಕ್ಕೇ ಇವತ್ತಿಗೂ ತಲೆ ಮೇಲೆ ಛಾವಣಿ ಇದೆ. ನದಿ ಹತ್ತಿರದ ಪೋರ್ಟುನಸ್ ಗುಡಿ 9ನೇ ಶತಮಾನದಲ್ಲಿ ಚರ್ಚ್ ಆಯ್ತು, ಅದೂ ಇಡಿಯಾಗಿ ನಿಂತಿದೆ.

ಚರ್ಚ್ ಆಗದೆ ಉಳಿದಿದ್ದಕ್ಕೆ ಏನಾಯ್ತು? ಚಕ್ರವರ್ತಿ ನರ್ವಾನ ಫೋರಮ್‌ನಲ್ಲಿ ಮಿನರ್ವಾ ದೇವಿಯ ಗುಡಿ 1600ರ ತನಕ ಬಹುಪಾಲು ನಿಂತೇ ಇತ್ತು. 1606ರಲ್ಲಿ ಪೋಪ್ ಐದನೇ ಪೌಲ್ ಅದನ್ನ ಕೆಡವಿಸಿ ಕಲ್ಲನ್ನ ಜನಿಕುಲಮ್ ಗುಡ್ಡದ ಮೇಲಿನ ತನ್ನ ಕಾರಂಜಿಗೆ ಹಾಕಿಸಿದ. ಅಷ್ಟು ಹೊತ್ತಿಗೆ ಮಿನರ್ವಾಳನ್ನ ಪೂಜಿಸೋರು ಸತ್ತು ಸಾವಿರ ವರ್ಷ ದಾಟಿತ್ತು. ಅಲ್ಲಿ ಇದ್ದದ್ದು ಧರ್ಮದ್ವೇಷ ಅಲ್ಲ, ಪುಕ್ಕಟೆ ಕಲ್ಲಿನ ಆಸೆ. ನನಗೆ ಕೇಳಿದ್ರೆ ಇದೇ ಹೆಚ್ಚು ಹೊಟ್ಟೆ ಉರಿಸುತ್ತೆ.

ಶಿವಗಂಗೆ_ಶಿಖರ

ಮಿನರ್ವಾ ವಿಷಯ ಗೊತ್ತಿರಲಿಲ್ಲ. ಆದ್ರೂ ಮೂಲ ಕಾರಣ 391ರ ಕಾನೂನೇ ಅಲ್ವ? ಪೂಜೆ ನಿಂತ ಗುಡಿಗೆ ಕಾಯೋರು ಯಾರು?

ಲ್ಯಾಟಿನ್_ಲಾವಣಿ

ಅದು ಒಪ್ಪಿದೆ.

ಉಡುಪಿ_ಟು_ದುಬೈ

ಅಲ್ಲ ಮಾರಾಯ್ರೆ, ರೋಮನ್ ದೇವಸ್ಥಾನ ನೋಡ್ಲಿಕ್ಕೆ ರೋಮಿಗೇ ಹೋಗಬೇಕು ಅಂತ ಉಂಟಾ? ಗಲ್ಫಿನಲ್ಲಿ ಇರುವವರಿಗೆ ಜೋರ್ಡನ್ ಹತ್ತಿರ. ಅಮ್ಮಾನ್‌ನಿಂದ ಉತ್ತರಕ್ಕೆ ಐವತ್ತು ಕಿಲೋಮೀಟರ್ ಹೋದ್ರೆ ಜೆರಾಶ್. ಇಡೀ ಊರಿಗೆ ಊರೇ ಉಂಟು ಅಲ್ಲಿ. ಬೀದಿ, ಕಂಬಸಾಲು, ಎರಡು ರಂಗಮಂದಿರ, ಊರ ಬಾಗಿಲಲ್ಲಿ ಚಕ್ರವರ್ತಿ ಹೇಡ್ರಿಯನ್ ಬಂದಾಗ ಕಟ್ಟಿಸಿದ ಕಮಾನು. 749ರ ಭೂಕಂಪದಲ್ಲಿ ಬಿತ್ತು, ಆಮೇಲೆ ಮಣ್ಣು ಮುಚ್ಚಿತು. ಮೇಲೆ ಕಲ್ಲು ಕದಿಯುವವರು ಕಡಿಮೆ ಇದ್ದ ಕಾರಣ ಬಿದ್ದದ್ದು ಬಿದ್ದಲ್ಲೇ ಉಂಟು.

ನಾನು ಹೇಳ್ಬೇಕಂತ ಇದ್ದದ್ದು ಆರ್ಟೆಮಿಸ್ ದೇವಿಯ ಗುಡಿಯ ವಿಷಯ. ಮುಂದಿನ ಹನ್ನೆರಡು ಕಂಬಗಳಲ್ಲಿ ಹನ್ನೊಂದು ಈಗಲೂ ನಿಂತಿದೆ. ಅಲ್ಲಿ ಒಬ್ಬ ಮುದುಕ ಬಂದು, ಕಿಸೆಯಿಂದ ಒಂದು ಚಮಚ ತೆಗೆದು, ಕಂಬದ ಬುಡದ ಸಂದಿಯೊಳಗೆ ಅದರ ಹಿಡಿಯನ್ನು ತೂರಿಸಿದ. "ನೋಡಿ" ಅಂತ ಕೈ ತೋರಿಸಿದ. ಚಮಚದ ತುದಿ ಮೆಲ್ಲಗೆ ಮೇಲೆ ಕೆಳಗೆ, ಮೇಲೆ ಕೆಳಗೆ! ಗಾಳಿಗೆ ಆ ದೊಡ್ಡ ಕಂಬ ಅಲ್ಲಾಡ್ತಾ ಉಂಟು. ನನ್ನ ಮಗ ಸಂದಿಯಲ್ಲಿ ಬೆರಳಿಡ್ಲಿಕ್ಕೆ ಹೋದ, ಮುದುಕ ಕೈಗೆ ಒಂದು ಪೆಟ್ಟು ಕೊಟ್ಟು ಸರಿಸಿದ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಪೇರಿಸಿದ್ದು, ಅಲ್ಲಾಡ್ಲಿಕ್ಕೆ ಜಾಗ ಇರುವ ಕಾರಣವೇ ಭೂಕಂಪಕ್ಕೂ ಬೀಳಲಿಲ್ಲ ಅಂತ ಅವನ ವಿವರಣೆ. ಚಿಲ್ಲರೆ ತಗೊಂಡು ಹೋದ. ಅಷ್ಟು ಕೊಟ್ಟದ್ದಕ್ಕೆ ನಷ್ಟ ಇಲ್ಲ.

ಜೋರ್ಡನ್ ಪಾಸ್ ತಗೊಂಡ್ರೆ ಪೆಟ್ರಾ ಜೊತೆ ಇದೂ ಸೇರ್ತದೆ. ಬೇಸಿಗೆಯಲ್ಲಿ ಮಾತ್ರ ಮಧ್ಯಾಹ್ನ ಹೋಗ್ಬೇಡಿ, ಒಂದು ಮರ ಇಲ್ಲ ನೆರಳಿಗೆ.

ಕಾಂಕ್ರೀಟ್_ಕೃಷ್ಣ

ಕಟ್ಟೋ ಕೆಲಸದಲ್ಲಿರೋನಾಗಿ ನಾನು ಒಂದೇ ಒಂದಕ್ಕೆ ಓಟು ಹಾಕೋದು: ಪ್ಯಾಂಥಿಯನ್. ಹೇಮಾವತಿಯವರೆ, ನಿಮ್ಮ ಯಜಮಾನ್ರಿಗೆ ಇದನ್ನ ಓದಿಸಿ.

ಗುಮ್ಮಟದ ಅಡ್ಡಳತೆ 43.3 ಮೀಟರ್, ನೆಲದಿಂದ ತುದಿಗೂ ಅಷ್ಟೇ. ಒಳಗೆ ಒಂದು ಕಬ್ಬಿಣದ ಸರಳಿಲ್ಲ. ಸುಮಾರು 126ರಲ್ಲಿ ಕಟ್ಟಿ ಮುಗಿಸಿದ್ದು. ಸರಳಿಲ್ಲದ ಕಾಂಕ್ರೀಟ್ ಗುಮ್ಮಟದಲ್ಲಿ ಇವತ್ತಿಗೂ ಇದೇ ಜಗತ್ತಿಗೆ ದೊಡ್ಡದು. ಗುಟ್ಟು ಏನು ಅಂದ್ರೆ, ಮೇಲಕ್ಕೆ ಹೋದ ಹಾಗೆ ಜಲ್ಲಿ ಬದಲಾಯಿಸಿದ್ದಾರೆ. ಬುಡದಲ್ಲಿ ಭಾರದ ಕಲ್ಲು, ನಡುವೆ ಇಟ್ಟಿಗೆ ಚೂರು, ತುದಿಯಲ್ಲಿ ಹಗುರಾದ ಜ್ವಾಲಾಮುಖಿ ಪ್ಯೂಮಿಸ್. ದಪ್ಪವೂ ಬುಡದ ಆರು ಮೀಟರಿನಿಂದ ತುದಿಗೆ ಹೋಗೋ ಹೊತ್ತಿಗೆ ಒಂದೂಕಾಲು ಮೀಟರಿಗೆ ಇಳಿಯುತ್ತೆ. ಒಳಮೈಯಲ್ಲಿ ಚೌಕ ಚೌಕ ಗುಳಿಗಳು, ಐದು ಸಾಲು, ಸಾಲಿಗೆ 28. ಅಂದಕ್ಕೂ ಆಯ್ತು, ತೂಕವೂ ಇಳೀತು. ಗಾರೆಗೆ ಬೆರೆಸಿದ್ದು ಜ್ವಾಲಾಮುಖಿ ಬೂದಿ.

ತುದಿಯಲ್ಲಿ ಬಾಯಿ ತೆರೆದಿದೆ, ಗಾಜಿಲ್ಲ. ಮಳೆ ನೇರ ಒಳಗೆ ಸುರಿಯುತ್ತೆ. ನೆಲ ನಡುವೆ ಸ್ವಲ್ಪ ಉಬ್ಬಿದೆ, ಅಮೃತಶಿಲೆಯಲ್ಲಿ ಸಣ್ಣ ಸಣ್ಣ ತೂತು ಕೊರೆದಿದ್ದಾರೆ, ನೀರು ಅಲ್ಲಿಂದ ಕೆಳಗಿನ ಚರಂಡಿಗೆ. ಅಕ್ಟೋಬರ್‌ನಲ್ಲಿ ಮಳೆ ಬರೋ ಸಾಧ್ಯತೆ ಇದೆ. ಬಂದ್ರೆ ಬೇರೆಲ್ಲ ಬಿಟ್ಟು ಅಲ್ಲಿಗೆ ಓಡಿ. ಸಿಬ್ಬಂದಿ ನಡುವಿನ ಜಾಗಕ್ಕೆ ಹಗ್ಗ ಕಟ್ಟಿರ್ತಾರೆ, ಸುತ್ತ ನಿಂತು ನೋಡಬಹುದು.

2023ರಿಂದ ಪ್ರವೇಶಕ್ಕೆ ಟಿಕೆಟ್ ಇಟ್ಟಿದ್ದಾರೆ, ನಾನು ಕೊಟ್ಟಿದ್ದು 5 ಯೂರೋ. ಇದು ಈಗಲೂ ಚರ್ಚ್, ಭುಜ ಮುಚ್ಚೋ ಬಟ್ಟೆ ಹಾಕ್ಕೊಳ್ಳಿ. ಸೀರೆ ಉಟ್ಟ ಅತ್ತೆಗೆ ಆ ಯೋಚನೆಯೇ ಇಲ್ಲ.

ಮದ್ದೂರು_ಟು_ಮಿಲಾನ್

ಕೃಷ್ಣ ಸರ್ ಹೇಳಿದ ಪ್ಯಾಂಥಿಯನ್ ಮುಂದೆ ದೊಡ್ಡ ಅಕ್ಷರದಲ್ಲಿ "ಅಗ್ರಿಪ್ಪ ಕಟ್ಟಿಸಿದ" ಅಂತ ಇದೆ. ಅಗ್ರಿಪ್ಪ ಕಟ್ಟಿಸಿದ್ದು ಸುಟ್ಟುಹೋಗಿ, ಅದೇ ಜಾಗದಲ್ಲಿ ಹೇಡ್ರಿಯನ್ ಹೊಸದು ಕಟ್ಟಿ ಹಳಬನ ಹೆಸರನ್ನೇ ಹಾಕಿಸಿದ. ನಮ್ಮೂರಲ್ಲಿ ಬಸ್ ನಿಲ್ದಾಣಕ್ಕೆ ಬಣ್ಣ ಹೊಡೆಸಿದವರೂ ಹೆಸರು ಬರೆಸ್ಕೋತಾರೆ.

ಮುಖಮಂಟಪದ ಛಾವಣಿಯಲ್ಲಿ ಕಂಚಿನ ತೊಲೆಗಳಿದ್ವು. 17ನೇ ಶತಮಾನದಲ್ಲಿ ಬಾರ್ಬೆರಿನಿ ಮನೆತನದ ಪೋಪ್ ಅದನ್ನ ಇಳಿಸಿ ಫಿರಂಗಿ ಎರಕಕ್ಕೆ ಹಾಕಿಸಿದ. ಬರ್ಬರರು ಮಾಡದ್ದನ್ನ ಬಾರ್ಬೆರಿನಿಗಳು ಮಾಡಿದ್ರು ಅಂತ ರೋಮಿನ ಜನ ಆಡ್ಕೊಂಡ್ರು, ಈಗಲೂ ಆಡ್ಕೋತಾರೆ.

ದುರ್ಗದ_ಕೋಟೆ

ನಮ್ಮ ದುರ್ಗದ ಕಡೆಯಿಂದಲೂ ಒಂದು ಮಾತು ಸೇರಿಸ್ತೀನಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆದಾಗ ರೋಮನ್ ಬೆಳ್ಳಿ ದಿನಾರಿಗಳು ಸಿಕ್ಕಿವೆ, ಚಕ್ರವರ್ತಿಗಳಾದ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ್ದು. 1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅಗೆಸಿದ್ರು, 1947ರಲ್ಲಿ ಮಾರ್ಟಿಮರ್ ವೀಲರ್. ಫೋರಮ್‌ನಲ್ಲಿ ಶನಿದೇವ ಅಂತಾರಲ್ಲ, ಸ್ಯಾಟರ್ನ್ ಗುಡಿ, ಅದರ ಜಗತಿಯಲ್ಲೇ ರೋಮ್ ಸರ್ಕಾರದ ಖಜಾನೆ ಇತ್ತು. ಹಾಗಾದ್ರೆ ನಮ್ಮೂರಿನ ನಾಣ್ಯ ಆ ಗುಡಿಯಿಂದ ಹೊರಟು ಬಂದಿದ್ದು ಅಂತ ನಾನು ಹೆಮ್ಮೆ ಪಡಬಹುದಾ?

ಲಿಯೋನ್_ಲಹರಿ

ಹೆಮ್ಮೆ ಪಡಿ, ಆದ್ರೆ ಸ್ವಲ್ಪ ಪಶ್ಚಿಮಕ್ಕೆ ತಿರುಗಿ ಪಡಿ. ಆಗಸ್ಟಸನ ಕೊನೇ ವರ್ಷಗಳಲ್ಲಿ, ಟೈಬೀರಿಯಸನ ಕಾಲದಲ್ಲಿ ಬೆಳ್ಳಿ ದಿನಾರಿ ಟಂಕಿಸ್ತಿದ್ದದ್ದು ಬಹುಪಾಲು ಲುಗ್ಡುನುಮ್‌ನಲ್ಲಿ. ಅಂದ್ರೆ ಈಗಿನ ಫ್ರಾನ್ಸಿನ ಲಿಯೋನ್, ನಾನಿರೋ ಊರು.

ಅದೇ ನೆಪದಲ್ಲಿ ಇಲ್ಲಿಂದ ದಕ್ಷಿಣಕ್ಕೆ ನೀಮ್ ಊರಿನ ಮೇಜೊಂ ಕಾರೇ ಗುಡಿಯ ವಿಷಯ ಹೇಳಿಬಿಡ್ತೀನಿ. ಇದು ಮುರಿದ ಕಂಬವಲ್ಲ, ಛಾವಣಿ ಸಮೇತ ಇಡೀ ಗುಡಿ. ರೋಮನ್ ದೇವಸ್ಥಾನ ಹೇಗಿರುತ್ತೆ ಅಂತ ಒಂದೇ ನೋಟಕ್ಕೆ ತಿಳೀಬೇಕಾದ್ರೆ ಇದನ್ನ ನೋಡಬೇಕು. ಚರ್ಚ್ ಆಗಿತ್ತು, ಕುದುರೆ ಲಾಯ ಆಗಿತ್ತು, ದಾಖಲೆ ಪತ್ರಗಳ ಉಗ್ರಾಣ ಆಗಿತ್ತು. ಯಾವತ್ತೂ ಖಾಲಿ ಬಿದ್ದಿರಲಿಲ್ಲ, ಅದಕ್ಕೇ ಉಳೀತು. 2023ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು.

ಇದರ ಮುಂಭಾಗದಲ್ಲಿ ಶಾಸನ ಇಲ್ಲ, ಬರೀ ತೂತುಗಳು ಮಾತ್ರ ಇವೆ. ಕಂಚಿನ ಅಕ್ಷರಗಳನ್ನ ಮೊಳೆ ಹೊಡೆದು ಕೂರಿಸಿದ್ರು, ಅಕ್ಷರ ಕಿತ್ತುಹೋಗಿ ಮೊಳೆಯ ತೂತು ಉಳೀತು. 1758ರಲ್ಲಿ ಊರಿನ ವಿದ್ವಾಂಸ ಸೆಗಿಯೇ ಅನ್ನೋರು ಆ ತೂತುಗಳ ಜಾಗ ನೋಡಿ ನೋಡಿ ಯಾವ ತೂತು ಯಾವ ಅಕ್ಷರದ್ದು ಅಂತ ಲೆಕ್ಕ ಹಾಕಿ ಓದಿಬಿಟ್ರು. ಗುಡಿ ಗಾಯಸ್ ಮತ್ತು ಲೂಸಿಯಸ್ ಅನ್ನೋ ಹುಡುಗರಿಗೆ ಅರ್ಪಿಸಿದ್ದು. ಆಗಸ್ಟಸನ ಮೊಮ್ಮಕ್ಕಳು, ಅವನೇ ದತ್ತು ತಗೊಂಡು ಉತ್ತರಾಧಿಕಾರಿಗಳು ಅಂತ ಸಾರಿದ್ದ. ಇಬ್ಬರೂ ಎಳೆವಯಸ್ಸಲ್ಲೇ ಸತ್ರು.

ಈಗ ದುರ್ಗದವರು ಕೇಳಿ. ಆ ಇಬ್ಬರು ಹುಡುಗರು ಗುರಾಣಿ ಹಿಡ್ಕೊಂಡು ನಿಂತಿರೋ ಚಿತ್ರವನ್ನ ಆಗಸ್ಟಸ್ ದಿನಾರಿಯ ಹಿಂಬದಿಗೆ ಹಾಕಿಸಿದ್ದ. ಭಾರತದಲ್ಲಿ ಸಿಕ್ಕಿರೋ ಆಗಸ್ಟಸನ ಬೆಳ್ಳಿ ನಾಣ್ಯಗಳಲ್ಲಿ ಇದೇ ನಾಣ್ಯ ಹೆಚ್ಚು. ನೀಮ್‌ನಲ್ಲಿ ಗುಡಿ ಕಟ್ಟಿಸ್ಕೊಂಡ ಹುಡುಗರ ಚಿತ್ರ ಮೆಣಸಿನ ಬೆಲೆಯಾಗಿ ನಮ್ಮ ದಕ್ಷಿಣಕ್ಕೆ ಬಂದಿದೆ.

ದುರ್ಗದ_ಕೋಟೆ

ಇದನ್ನ ಪ್ರಿಂಟ್ ತೆಗೆದು ಇಟ್ಕೋತೀನಿ.

ಧಾರವಾಡ_ಫೇಡಾ

ಲಾಯ, ಉಗ್ರಾಣ ಅಂದ್ರಲ್ರಿ, ಅದಕ್ಕಿಂತ ಮಜಾದ್ದು ನಾ ಹೇಳ್ತೀನಿ. ಪೋರ್ಚುಗಲ್‌ನ್ಯಾಗ ಎವೊರಾ ಅಂತ ಊರೈತ್ರಿ, ಲಿಸ್ಬನ್‌ನಿಂದ ಬಸ್ಸಿನ್ಯಾಗ ಒಂದೂವರಿ ತಾಸು. ಊರ ನಡುವ ಎತ್ತರದ ಮ್ಯಾಲ ರೋಮನ್ ಗುಡಿ ನಿಂತೈತಿ, ಹದಿನಾಕ ಕಂಬ. ಟಿಕೀಟಿಲ್ಲ, ಗೇಟಿಲ್ಲ. ಕಂಬ ಅಲ್ಲಿದ್ದ ಗ್ರಾನೈಟಿಂದು, ಬುಡ ಮತ್ತ ತಲಿ ಮಾತ್ರ ಬಿಳಿ ಅಮೃತಶಿಲಾದ್ದು.

ಇದು ಹೆಂಗ ಉಳೀತು ಗೊತ್ತೇನ್ರಿ? ಕಂಬಗಳ ನಡುವ ಗೋಡಿ ಕಟ್ಟಿ ಕಟಗರ ಅಂಗಡಿ ಮಾಡಿದ್ರು! 1836ರ ತನಕ ಅಲ್ಲಿ ಮಾಂಸ ಮಾರತಿದ್ರು. ಆಮ್ಯಾಲೆ ಗೋಡಿ ಕೆಡವಿದ್ರ ಒಳಗ ಕಂಬ ಹಂಗ ಅದಾವ. ಡಯಾನಾ ದೇವಿ ಗುಡಿ ಅಂತ ಊರ ಮಂದಿ ಕರೀತಾರ, ಆದ್ರ ಚಕ್ರವರ್ತಿ ಪೂಜಾಕ್ಕ ಕಟ್ಟಿದ್ದು ಇರಬೇಕು ಅಂತ ತಿಳಿದಾವ್ರು ಅಂತಾರ. ರಾತ್ರಿ ದೀಪ ಹಾಕಿರ್ತಾರ, ಎದುರಿನ ತೋಟದಾಗ ಕುಂತು ಕಾಫಿ ಕುಡಕೋತ ನೋಡ್ಬಹುದು. ರೋಮಿನ ಗದ್ದಲ ನೋಡಿ ಬ್ಯಾಸತ್ತಾವ್ರಿಗೆ ಇದು ಭಾಳ ಚಲೋ.

ಹೇಮಾವತಿ_ದಂಡೆ

ಇಷ್ಟೆಲ್ಲ ಬರೆದಿದ್ದೀರ, ತುಂಬಾ ಥ್ಯಾಂಕ್ಸ್. ಜೋರಾಗಿ ಓದಿ ಹೇಳಿದೆ. ಯಜಮಾನ್ರು ಪ್ಯಾಂಥಿಯನ್ ಜಲ್ಲಿ ವಿಷಯಕ್ಕೆ ಬಿದ್ದುಬಿಟ್ಟಿದ್ದಾರೆ. ಮಗಳಿಗೆ ತೂಗಾಡೋ ಬಾಗಿಲು ಬೇಕಂತೆ. ಅತ್ತೆ ಬಲಿ ವಿಷಯ ಕೇಳಿ "ನಮ್ಮಲ್ಲಿ ಮಾರಮ್ಮನಿಗೆ ಕೊಡ್ತಿರಲಿಲ್ವ" ಅಂದು ಸುಮ್ಮನಾದ್ರು. ಆದ್ರೆ ಒಂದು ಪ್ರಶ್ನೆ ಬಿಟ್ಟಿಲ್ಲ: ಮೂರ್ತಿಗಳು ಎಲ್ಲಿ ಹೋದ್ವು? ಒಂದಾದ್ರೂ ನೋಡದೆ ಬಂದ್ರೆ ಅದೆಂಥಾ ದೇವಸ್ಥಾನ ಅಂತಾರೆ. ಮಗಳಿಗೆ ಬೆಕ್ಕು ಇಷ್ಟ, ರೋಮಲ್ಲಿ ಗುಡಿ ತುಂಬ ಬೆಕ್ಕು ಇರೋ ಜಾಗ ಇದೆಯಂತಲ್ಲ?

ಕಲ್ಲು_ಮಾತಾಡ್ಸೋನು

ಎರಡಕ್ಕೂ ಒಂದೇ ಜಾಗದಿಂದ ಉತ್ತರ ಸಿಗುತ್ತೆ. ಲಾರ್ಗೋ ಅರ್ಜೆಂಟೀನಾ ಅಂತ, ಪ್ಯಾಂಥಿಯನ್‌ನಿಂದ ನಡ್ಕೊಂಡು ಹೋಗೋ ದೂರ. 1926ರ ನಂತರ ಮುಸೊಲಿನಿ ಕಾಲದಲ್ಲಿ ಹಳೇ ಮನೆ ಕೆಡವುವಾಗ ನಾಲ್ಕು ಗುಡಿಗಳು ಸಿಕ್ವು, ಎಲ್ಲ ಚಕ್ರವರ್ತಿಗಳಿಗಿಂತ ಹಿಂದಿನ ಗಣರಾಜ್ಯದ ಕಾಲದ್ದು. ಯಾವ ದೇವರದ್ದು ಅಂತ ಖಚಿತವಾಗದೆ ಎ, ಬಿ, ಸಿ, ಡಿ ಅಂತ ಹೆಸರಿಟ್ರು. ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ್ನ ಇರಿದು ಕೊಂದ ಸಭಾಭವನದ ತಳಪಾಯ ಇದರ ಹಿಂಬದಿಯಲ್ಲೇ ಇದೆ. ಬೀದಿ ಬೆಕ್ಕುಗಳ ಆಶ್ರಯಧಾಮ ಒಂದು ಮೂಲೆಯಲ್ಲಿದೆ, ಬೆಕ್ಕುಗಳು ಬಲಿಪೀಠ, ಕಂಬ ಅಂತ ನೋಡದೆ ಬಿದ್ಕೊಂಡಿರ್ತವೆ. ರಸ್ತೆಯಿಂದಲೇ ಬಗ್ಗಿ ನೋಡಬಹುದು, 2023ರಿಂದ ಕೆಳಗೆ ಇಳಿದು ನಡೆಯೋಕೂ ದಾರಿ ಮಾಡಿದ್ದಾರೆ.

ದುಂಡಗಿರೋದು ಬಿ ಗುಡಿ. ಕ್ರಿ.ಪೂ. 101ರ ಒಂದು ಯುದ್ಧ ಗೆದ್ದದ್ದಕ್ಕೆ ಹರಕೆ ತೀರಿಸೋಕೆ ಕಟ್ಟಿದ್ದು, ಇವತ್ತಿನ ದಿನದ ಅದೃಷ್ಟದೇವಿಗೆ. ಅಂದ್ರೆ ಆ ಒಂದು ದಿನ ಕೈ ಹಿಡಿದವಳು. ಅವಳ ಮೂರ್ತಿಯ ತುಂಡುಗಳು ಅಗೆದಾಗ ಸಿಕ್ಕಿವೆ: ಭಾರೀ ಮುಖ, ತೋಳು, ಪಾದ. ಇಡೀ ಮೂರ್ತಿ ಎಂಟು ಮೀಟರ್ ಹತ್ತಿರ ಇತ್ತು. ಮೈ ಕಾಣೋ ಕಡೆ ಮಾತ್ರ ಅಮೃತಶಿಲೆ, ಉಡುಗೆ ಕಂಚಿನದ್ದು. ಕಂಚು ಯಾರದೋ ಪಾಲಾಯ್ತು.

ಹೇಮಾವತಿ_ದಂಡೆ

ಈಗ ಆ ಮುಖ ಎಲ್ಲಿದೆ? ವ್ಯಾಟಿಕನ್‌ನಲ್ಲಾ?

ಮದ್ದೂರು_ಟು_ಮಿಲಾನ್

ಅಲ್ಲ ಅಕ್ಕ, ಕರೆಂಟ್ ಫ್ಯಾಕ್ಟರಿಯಲ್ಲಿ. ತಮಾಷೆ ಅಲ್ಲ. ಓಸ್ಟಿಯೆನ್ಸೆ ರಸ್ತೆಯಲ್ಲಿ ಸೆಂಟ್ರಾಲೆ ಮಾಂಟೆಮಾರ್ಟಿನಿ ಅಂತ 1912ರಲ್ಲಿ ಶುರುವಾದ ವಿದ್ಯುತ್ ಸ್ಥಾವರ ಈಗ ಮ್ಯೂಸಿಯಂ. ಕರಿ ಡೀಸೆಲ್ ಎಂಜಿನ್‌ಗಳು ಹಾಗೇ ನಿಂತಿವೆ, ಅವುಗಳ ಮುಂದೆ ಬೆಳ್ಳಗೆ ದೇವ ದೇವತೆಯರು. ಯಜಮಾನ್ರು ಎಂಜಿನ್ ನೋಡ್ಲಿ, ಅತ್ತೆ ದೇವಿ ನೋಡ್ಲಿ. ಜನ ಕಡಿಮೆ, ಕೂರೋಕೆ ಜಾಗ ಇದೆ. ಮೆಟ್ರೋ ಬಿ ಲೈನಲ್ಲಿ ಗಾರ್ಬಾಟೆಲ್ಲಾ ಸ್ಟೇಷನ್ ಇಳಿದು ನಡೀಬೇಕು. ಸೋಮವಾರ ಮುಚ್ಚಿರುತ್ತೆ, ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಬೇರೆ ದಿನ ಇಡಿ.